ನೇಪಲ್ಸಿಗೆ ಒಂದು ನ್ಯಾಯ, ಬೆಲ್ಜಿಯಮ್ಮಿಗೆ ಇನ್ನೊಂದು: 1815ರ ನಂತರದ ಯೂರೋಪಿನ ಲೆಕ್ಕಾಚಾರ

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನೆಪೋಲಿಯನ್ ಸೋತ ಮೇಲೆ ಯೂರೋಪಿನ ನಕ್ಷೆ ಹಂಚಲು ಕೂಡಿದ ವಿಯೆನ್ನಾ ಸಮ್ಮೇಳನ (1814-15) ‘ಶಕ್ತಿ ಸಮತೋಲನ’ ಸ್ಥಾಪಿಸಿತು, ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಮೆಟರ್ನಿಕ್ ಕ್ರಾಂತಿಗಳನ್ನೆಲ್ಲ ಹತ್ತಿಕ್ಕಿದ ಎಂದು ಪುಸ್ತಕಗಳಲ್ಲಿದೆ. ಹಾಗಿದ್ದರೆ 1821ರಲ್ಲಿ ದಕ್ಷಿಣ ಇಟಲಿಯ ನೇಪಲ್ಸಿನ ದಂಗೆ ಅಡಗಿಸಿದ ಇದೇ ಯೂರೋಪು 1830ರ ಹೊತ್ತಿಗೆ ಗ್ರೀಸ್, ಬೆಲ್ಜಿಯಮ್‌ಗಳ ಸ್ವಾತಂತ್ರ್ಯ ಒಪ್ಪಿದ್ದು ಹೇಗೆ? ಸಮತೋಲನ ಅಂದರೆ ತಕ್ಕಡಿಯಲ್ಲಿ ಇಟ್ಟು ತೂಗಿದ್ದಾದರೂ ಏನನ್ನು? ಇದಕ್ಕೂ ಭಾರತಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಮೊದಲು ನೇರ ಮಾತು. ದಂಗೆ ಎದ್ದವರು ಏನು ಕೇಳಿದರು ಎನ್ನುವುದು ಆ ಕಾಲದಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ದಂಗೆ ಎದ್ದ ಜಾಗ ನಕ್ಷೆಯಲ್ಲಿ ಎಲ್ಲಿದೆ, ಅಡಗಿಸಲು ಹೋಗಬೇಕಾದ ಸೈನ್ಯ ಯಾರದು, ಹೋದ ಸೈನ್ಯ ಕೆಲಸ ಮುಗಿಸಿ ವಾಪಸು ಬರುತ್ತದೋ ಅಲ್ಲೇ ಬೇರು ಬಿಡುತ್ತದೋ, ಈ ಮೂರು ವಿಷಯಗಳೇ ತೀರ್ಮಾನ ಮಾಡಿದವು. ನೇಪಲ್ಸಿನ ಸಂವಿಧಾನವಾದಿಗಳಿಗೂ ಬ್ರಸೆಲ್ಸಿನ ಸಂವಿಧಾನವಾದಿಗಳಿಗೂ ಬೇಡಿಕೆಯಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಬ್ರಸೆಲ್ಸ್ ಮಾತ್ರ ಫ್ರಾನ್ಸಿನ ಬಾಗಿಲಲ್ಲಿತ್ತು, ಎದುರು ದಡದಲ್ಲಿ ಬ್ರಿಟನ್ ಇತ್ತು. ಅಷ್ಟೇ ಸಾಕಾಯಿತು.

ಪಠ್ಯಪುಸ್ತಕಗಳಲ್ಲಿ ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಕಾಗದಗಳನ್ನು ಒಂದೇ ಎಂದು ಹೇಳುವುದರಿಂದ. 1815ರ ಸೆಪ್ಟೆಂಬರ್ 26ರಂದು ರಷ್ಯಾ, ಆಸ್ಟ್ರಿಯಾ ಮತ್ತು ಜರ್ಮನ್ ರಾಜ್ಯ ಪ್ರಶ್ಯಾ, ಈ ಮೂರರ ದೊರೆಗಳು ಸಹಿ ಹಾಕಿದ್ದು ‘ಪವಿತ್ರ ಮೈತ್ರಿ’. ಕ್ರೈಸ್ತ ಧರ್ಮದ ಹೆಸರಲ್ಲಿ ಅಣ್ಣತಮ್ಮಂದಿರಂತೆ ಇರೋಣ ಎಂಬುದು ಅದರ ಸಾರ. ಎಷ್ಟು ಸೈನ್ಯ, ಯಾವಾಗ, ಯಾರ ಮೇಲೆ ಎಂಬ ಒಂದು ಸಾಲೂ ಅದರಲ್ಲಿಲ್ಲ. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾಸಲ್‌ರೇ ಅದನ್ನು ಅಧ್ಯಾತ್ಮದ ಹೆಸರಿನ ಅಸಂಬದ್ಧ ಎಂದೇ ತಳ್ಳಿಹಾಕಿದ್ದ. ನಿಜವಾದ ಗಡಸು ಕರಾರು ಇರುವುದು ಅದೇ ವರ್ಷ ನವೆಂಬರ್ 20ರ ‘ಚತುಷ್ಕೂಟ’ದಲ್ಲಿ. ಬ್ರಿಟನ್, ಆಸ್ಟ್ರಿಯಾ, ಪ್ರಶ್ಯಾ, ರಷ್ಯಾ ನಾಲ್ಕೂ ಸೇರಿ, ಫ್ರಾನ್ಸ್ ಮತ್ತೆ ಗಡಿ ದಾಟಿದರೆ ಒಟ್ಟಾಗಿ ಎದುರಿಸುವುದು ಎಂದು ಬರೆದುಕೊಂಡವು. ಆರನೆಯ ವಿಧಿಯಲ್ಲಿ, ಆಗಾಗ ಕೂಡಿ ಮಾತಾಡೋಣ ಎಂಬ ಮಾತು ಬಂತು. ನಂತರದ ಸಮ್ಮೇಳನಗಳ ಸರಣಿಗೆಲ್ಲ ಇದೇ ಆಧಾರ. ಬ್ರಿಟನ್ ಒಪ್ಪಿದ್ದು ರಾಜ್ಯ ರಾಜ್ಯಗಳ ನಡುವಿನ ಗಡಿಯ ಕಾವಲಿಗೆ. ಬೊನಾಪಾರ್ಟ್ ಮನೆತನ ಫ್ರಾನ್ಸನ್ನು ಮತ್ತೆ ಆಳಬಾರದು ಎಂಬುದೊಂದನ್ನು ಬಿಟ್ಟರೆ, ಒಂದು ರಾಜ್ಯದೊಳಗೆ ಯಾರು ಆಳಬೇಕು ಎಂಬ ಕಾವಲಿಗೆ ಅದು ಸಹಿ ಹಾಕಲಿಲ್ಲ. ಈ ಒಂದು ವ್ಯತ್ಯಾಸ ತಲೆಯಲ್ಲಿಟ್ಟುಕೊಂಡರೆ ಮುಂದಿನ ಇಪ್ಪತ್ತು ವರ್ಷ ಅರ್ಥವಾಗುತ್ತದೆ.

ಇನ್ನು ತೂಗಿದ್ದು ಏನನ್ನು? ಜನರನ್ನು. ಅಕ್ಷರಶಃ ತಲೆ ಎಣಿಸಿದರು. ನೆಪೋಲಿಯನ್ನನಿಂದ ಬಿಡಿಸಿಕೊಂಡ ಪ್ರಾಂತ್ಯಗಳನ್ನು ವಿಯೆನ್ನಾದಲ್ಲಿ ಹಂಚುವಾಗ ಪ್ರತಿಯೊಬ್ಬರೂ ತಮಗೆ ಬೇಕಾದ ಅಂಕಿ ಹೇಳತೊಡಗಿದ್ದರಿಂದ 1814ರ ಡಿಸೆಂಬರ್ ಕೊನೆಯಲ್ಲಿ ಒಂದು ಅಂಕಿಅಂಶ ಸಮಿತಿಯನ್ನೇ ಮಾಡಿದರು. ಯಾವ ಪ್ರಾಂತ್ಯದಲ್ಲಿ ಎಷ್ಟು ‘ಆತ್ಮ’ಗಳಿವೆ ಎಂದು ಪಟ್ಟಿ ಮಾಡುವುದೇ ಅದರ ಕೆಲಸ. ಫ್ರಾನ್ಸಿನ ಟ್ಯಾಲಿರಾಂಡ್ ಇಲ್ಲೊಂದು ತಕರಾರು ಎತ್ತಿದ: ಬಂಡವಾಳವೂ ಕಸುಬೂ ಇಲ್ಲದ ಪೋಲೆಂಡಿನ ರೈತನನ್ನೂ ರೈನ್ ದಂಡೆಯ ನಿವಾಸಿಯನ್ನೂ ಒಂದೇ ಎಂದು ಎಣಿಸಿದರೆ ಹೇಗೆ? ನಮ್ಮಲ್ಲಿ ಪಾಲು ಪಂಚಾಯ್ತಿಗೆ ಕೂತಾಗ ‘ಎಕರೆ ಲೆಕ್ಕ ಸರಿ, ಆದರೆ ತರಿಯೋ ಖುಷ್ಕಿಯೋ ಹೇಳಿ’ ಎಂದು ಕೇಳುತ್ತಾರಲ್ಲ, ಅದೇ ಪ್ರಶ್ನೆ. ಸೋತ ದೇಶದ ಪ್ರತಿನಿಧಿ ಪಾಲಿನ ಕಟ್ಟೆಯ ಮೇಲೆ ಕೂತು ಹೀಗೆ ಕೇಳುವಷ್ಟು ಜಾಗ ಮಾಡಿಕೊಂಡಿದ್ದ.

ಜಗಳ ಬಂದದ್ದು ಪೋಲೆಂಡ್ ಮತ್ತು ಜರ್ಮನ್ ರಾಜ್ಯ ಸ್ಯಾಕ್ಸನಿ ಮೇಲೆ. ನೆಪೋಲಿಯನ್ ಪೋಲೆಂಡಿನ ನೆಲದಲ್ಲಿ ಕಟ್ಟಿದ್ದ ವಾರ್ಸಾ ಡಚಿ ಪೂರ್ತಿ ತನಗೆ ಬೇಕು ಎಂದು ರಷ್ಯಾದ ದೊರೆ ಝಾರ್ ಅಲೆಕ್ಸಾಂಡರ್ ಪಟ್ಟು ಹಿಡಿದ; ಅವನ ಸೈನ್ಯ ಆಗಲೇ ಅಲ್ಲಿ ಬೀಡುಬಿಟ್ಟಿತ್ತು, ಸ್ವಾಧೀನ ಅವನದು. ಆ ನೆಲದಲ್ಲಿ ಹಿಂದೆ ಪ್ರಶ್ಯಾಕ್ಕೆ ಸೇರಿದ್ದ ಭಾಗವಿತ್ತು, ಅದಕ್ಕೆ ಬದಲಾಗಿ ಪ್ರಶ್ಯಾ ಇಡೀ ಸ್ಯಾಕ್ಸನಿ ಕೇಳಿತು. ಹಾಗೆ ಕೊಟ್ಟರೆ ಆಸ್ಟ್ರಿಯಾದ ಉತ್ತರ ಗಡಿಗೆ ಪ್ರಶ್ಯಾ, ಪೂರ್ವಕ್ಕೆ ರಷ್ಯಾ ತಾಗಿ ನಿಲ್ಲುತ್ತಿದ್ದವು. 1815ರ ಜನವರಿ 3ರಂದು ಬ್ರಿಟನ್, ಆಸ್ಟ್ರಿಯಾ, ಫ್ರಾನ್ಸ್ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ತಲಾ 1,50,000 ಸೈನಿಕರನ್ನು ಒದಗಿಸುವ ಮಾತು ಕೊಟ್ಟವು. ಎಂಟು ತಿಂಗಳ ಹಿಂದೆ ಶತ್ರುವಾಗಿದ್ದ ಫ್ರಾನ್ಸ್ ಈಗ ಪಾಲುದಾರ! ಸುದ್ದಿ ಅರ್ಧಂಬರ್ಧ ಸೋರಿದ್ದೇ ಸಾಕಾಯಿತು, ಕೆಲವೇ ವಾರಗಳಲ್ಲಿ ರಾಜಿ ಆಯಿತು. ಪ್ರಶ್ಯಾಕ್ಕೆ ಸ್ಯಾಕ್ಸನಿಯ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು, ಜನರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಿಕ್ಕಿತು. ಡ್ರೆಸ್ಡೆನ್, ಲೈಪ್‌ಜಿಗ್ ಊರುಗಳು ಸ್ಯಾಕ್ಸನಿ ರಾಜನಲ್ಲೇ ಉಳಿದವು. ಪೋಲೆಂಡಿನ ಪೋಸೆನ್, ಥಾರ್ನ್ ಕಡೆಯನ್ನು ಪ್ರಶ್ಯಾಕ್ಕೆ ಬಿಟ್ಟುಕೊಟ್ಟು ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಝಾರ್ ಇಟ್ಟುಕೊಂಡ, ಕ್ರಾಕೋ ಮಾತ್ರ ಸ್ವತಂತ್ರ ನಗರವಾಯಿತು.

ಲೆಕ್ಕ ಸರಿದೂಗಿಸಲು ಪ್ರಶ್ಯಾಕ್ಕೆ ರೈನ್‌ಲ್ಯಾಂಡ್ ಮತ್ತು ವೆಸ್ಟ್‌ಫೇಲಿಯಾ ಕೊಟ್ಟದ್ದನ್ನು ವಿಶೇಷವಾಗಿ ಗಮನಿಸಿ. ಪ್ರಶ್ಯಾಕ್ಕೆ ಅದು ಬೇಕಿರಲಿಲ್ಲ. ತನ್ನ ಮೂಲ ನೆಲಕ್ಕೂ ಅದಕ್ಕೂ ನಡುವೆ ಹ್ಯಾನೋವರ್, ಹೆಸ್ಸೆ ಅಡ್ಡ ಬರುತ್ತಿದ್ದವು, ಜನ ಹೆಚ್ಚಾಗಿ ಕ್ಯಾಥೊಲಿಕರು, ಎದುರಿಗೆ ಫ್ರಾನ್ಸ್. ಕಾವಲು ಕಾಯುವ ಕಷ್ಟದ ಜಮೀನನ್ನು ತಲೆಗೆ ಕಟ್ಟಿದರು ಎಂದೇ ಬರ್ಲಿನ್ನಿನವರ ಗೊಣಗಾಟ. ಆ ಜಮೀನಿನಡಿ ರೂರ್ ಕಣಿವೆಯ ಕಲ್ಲಿದ್ದಲು ಇತ್ತು. ತಲೆ ಎಣಿಸುವ ಸಮಿತಿಗೆ ಕಲ್ಲಿದ್ದಲು ಎಣಿಸುವ ಕಾಲಂ ಇರಲಿಲ್ಲ. ಐವತ್ತು ವರ್ಷದ ನಂತರ ಈ ತಕ್ಕಡಿಯನ್ನೇ ಮುರಿದ ಪ್ರಶ್ಯಾದ ಬಲಕ್ಕೆ ಬುನಾದಿ ಬಿದ್ದದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಫ್ರಾನ್ಸಿನ ಸುತ್ತ ಗೋಡೆ ಕಟ್ಟಿದ್ದು ಹೀಗೆ: ರೈನ್ ದಂಡೆಯಲ್ಲಿ ಪ್ರಶ್ಯಾ, ದಕ್ಷಿಣದಲ್ಲಿ ಜಿನೋವಾ ಸೇರಿಸಿಕೊಂಡು ದಪ್ಪಗಾದ, ಇಟಲಿಯ ಪೀಡ್‌ಮಾಂಟ್, ಉತ್ತರದಲ್ಲಿ ಹಾಲೆಂಡ್ ಮತ್ತು ಬೆಲ್ಜಿಯಮ್ ಕೂಡಿಸಿ ಮಾಡಿದ ನೆದರ್‌ಲ್ಯಾಂಡ್ಸ್ ರಾಜ್ಯ, ನಡುವೆ ತಟಸ್ಥ ಸ್ವಿಟ್ಜರ್‌ಲ್ಯಾಂಡ್. ಹಾಗಂತ ಫ್ರಾನ್ಸನ್ನು ಚೂರುಚೂರು ಮಾಡಲಿಲ್ಲ. 1814ರ ಮೇ 30ರ ಮೊದಲ ಪ್ಯಾರಿಸ್ ಒಪ್ಪಂದದಲ್ಲಿ 1792ರ ಗಡಿಯನ್ನೇ ಬಿಟ್ಟುಕೊಟ್ಟು, ದಂಡವನ್ನೂ ಹಾಕಿರಲಿಲ್ಲ. ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಬಂದು ವಾಟರ್ಲೂ ಆದ ಮೇಲೆ ಎರಡನೆಯ ಒಪ್ಪಂದ ಕಟುವಾಯಿತು: 1790ರ ಗಡಿ, 70 ಕೋಟಿ ಫ್ರಾಂಕ್ ಪರಿಹಾರ, ಐದು ವರ್ಷದವರೆಗೆ 1,50,000 ಮಂದಿ ವಿದೇಶಿ ಸೈನ್ಯದ ಠಾಣ್ಯ. ಆದರೂ ಹಣ ಬ್ಯಾಂಕಿನ ಸಾಲದ ಮೂಲಕ ಸಂದಾಯವಾಗುತ್ತಿದ್ದಂತೆ 1818ರ ಆಖೆನ್ ಸಮ್ಮೇಳನದಲ್ಲಿ ಎರಡು ವರ್ಷ ಮುಂಚೆಯೇ ಸೈನ್ಯ ತೆಗೆದು, ಫ್ರಾನ್ಸನ್ನು ಐದನೆಯವನಾಗಿ ಪಂಕ್ತಿಯಲ್ಲಿ ಕೂರಿಸಿಕೊಂಡರು. ದಂಡ ಇರಲಿ, ಆದರೆ ಅದಕ್ಕೆ ಕೊನೆಯ ಕಂತು ಎಂಬುದಿರಲಿ ಎಂಬ ಲೆಕ್ಕ. ಬದುಕಿ ಬಾಳಿದ ವ್ಯವಸ್ಥೆಯ ಅರ್ಧ ಗುಟ್ಟು ಇದೇ.

ಒಂದು ಚಿಕ್ಕ ವಿಷಯ, ಯಾರೂ ಹೆಚ್ಚು ಹೇಳುವುದಿಲ್ಲ. ವಿಯೆನ್ನಾ ಸಮ್ಮೇಳನಕ್ಕೆ ಮುಂಚೆ ಯಾವ ರಾಯಭಾರಿ ಮೊದಲು ನಡೆಯಬೇಕು, ಯಾರ ಸಹಿ ಮೇಲೆ ಬರಬೇಕು ಎಂಬುದಕ್ಕೇ ತಿಂಗಳುಗಟ್ಟಲೆ ಮನಸ್ತಾಪ ಆಗುತ್ತಿತ್ತು. 1815ರ ಮಾರ್ಚ್ 19ರ ನಿಯಮಾವಳಿ ರಾಜತಾಂತ್ರಿಕರನ್ನು ಮೂರು ದರ್ಜೆ ಮಾಡಿ, ಒಂದೇ ದರ್ಜೆಯವರಲ್ಲಿ ಯಾರು ಮೊದಲು ಆ ರಾಜಧಾನಿಗೆ ಬಂದು ವರದಿ ಮಾಡಿಕೊಂಡರೋ ಅವರೇ ಹಿರಿಯರು ಎಂದಿತು. ದೊಡ್ಡ ದೇಶ, ಸಣ್ಣ ದೇಶ ಎಂಬ ಮಾತೇ ಇಲ್ಲ. ಇಂದಿಗೂ ದೆಹಲಿಯ ರಾಯಭಾರಿಗಳ ಹಿರಿತನ ಇದೇ ತತ್ವದ ಮೇಲೆ ನಿಂತಿದೆ.

ಈಗ ತಪ್ಪಿದ್ದೆಲ್ಲಿ ನೋಡೋಣ. ತಕ್ಕಡಿಯಲ್ಲಿ ಕೂರಿಸಿದ ತಲೆಗಳಿಗೆ ಬಾಯಿಯೂ ಇದೆ ಎಂಬುದನ್ನು ಲೆಕ್ಕದವರು ಮರೆತರು. ನೆದರ್‌ಲ್ಯಾಂಡ್ಸ್ ರಾಜ್ಯವನ್ನೇ ತೆಗೆದುಕೊಳ್ಳಿ. ಬೆಲ್ಜಿಯಮ್ ಭಾಗದಲ್ಲಿ ಸುಮಾರು 34 ಲಕ್ಷ ಜನ, ಹಾಲೆಂಡಿನಲ್ಲಿ ಸುಮಾರು 20 ಲಕ್ಷ. ಸಂಸತ್ತಿನ ಕೆಳಮನೆಯಲ್ಲಿ ಇಬ್ಬರಿಗೂ 55, 55 ಸೀಟು. ಹಾಲೆಂಡಿನ ಹಳೆಯ ಸಾಲ ಬೆಲ್ಜಿಯಮ್ಮಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆದರೆ ಕೂಡು ಕುಟುಂಬವಾದ ಮೇಲೆ ಹೊರೆ ಇಬ್ಬರ ಮೇಲೂ. ಇದಕ್ಕೆಲ್ಲ ಒಪ್ಪಿಗೆ ಪಡೆದ ಬಗೆಯಂತೂ ಕೇಳಲೇಬೇಕು. 1815ರಲ್ಲಿ ರಾಜ ಮೊದಲನೆಯ ವಿಲಿಯಮ್ ಬೆಲ್ಜಿಯಮ್ಮಿನ 1,603 ಮಂದಿ ಗಣ್ಯರಿಗೆ ಸಂವಿಧಾನದ ಮೇಲೆ ಮತ ಹಾಕಲು ಹೇಳಿದ. 1,323 ಮಂದಿ ಬಂದರು. ಪರ 527, ವಿರುದ್ಧ 796. ಬಿದ್ದುಹೋಯಿತು ಅಂದುಕೊಂಡಿರಾ? ಬಾರದೆ ಉಳಿದ 280 ಮಂದಿಯನ್ನು ‘ಮೌನಂ ಸಮ್ಮತಿ’ ಎಂದು ಪರಕ್ಕೆ ಸೇರಿಸಿದರು. ವಿರುದ್ಧ ಹಾಕಿದವರಲ್ಲಿ 126 ಮಂದಿ ಧಾರ್ಮಿಕ ಸಮಾನತೆಯ ವಿಧಿಗಾಗಿ ಬೇಡ ಎಂದಿದ್ದರು. ಆ ವಿಧಿಯನ್ನು ಮಹಾಶಕ್ತಿಗಳು ಆಗಲೇ ಕಡ್ಡಾಯ ಮಾಡಿರುವುದರಿಂದ ಆ ಮತಗಳೂ ಪರವೇ ಎಂದರು. 527ಕ್ಕೆ 280, ಅದಕ್ಕೆ 126 ಕೂಡಿಸಿ 933. ಎದುರಿಗೆ ಉಳಿದದ್ದು 670. ಸಂವಿಧಾನ ಅಂಗೀಕಾರ! ಬೆಲ್ಜಿಯನ್ನರು ಇದಕ್ಕೆ ‘ಡಚ್ ಗಣಿತ’ ಎಂದು ಹೆಸರಿಟ್ಟರು. ಹದಿನೈದು ವರ್ಷದ ನಂತರ ಸಿಡಿದ ಮದ್ದಿಗೆ ಬತ್ತಿ ಇಟ್ಟದ್ದು ಈ ಕೂಡು ಲೆಕ್ಕ.

ಅತೃಪ್ತಿಗೆ ಇನ್ನೂ ಸ್ಥೂಲ ಕಾರಣಗಳಿದ್ದವು. ಯುದ್ಧ ಮುಗಿದು ಮನೆಗೆ ಬಂದ ಲಕ್ಷಾಂತರ ಸೈನಿಕರು, ಫ್ರಾನ್ಸಿನಲ್ಲಿ ಅರ್ಧ ಸಂಬಳದ ಮೇಲೆ ಕೂರಿಸಿದ ಅಧಿಕಾರಿಗಳು. ಮೇಲಿಂದ, 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು 1816ರಲ್ಲಿ ಪಶ್ಚಿಮ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಧಾನ್ಯದ ಬೆಲೆ ಏರಿತು. ರಾಜಕೀಯ ಅಶಾಂತಿಯನ್ನು ಬರೀ ‘ಉದಾರವಾದ, ರಾಷ್ಟ್ರೀಯತೆ’ ಎಂಬ ಎರಡು ಪದಗಳಲ್ಲಿ ಮುಗಿಸುವ ಉತ್ತರಗಳಲ್ಲಿ ಇದು ಕಾಣಿಸುವುದೇ ಇಲ್ಲ.

ಮೆಟರ್ನಿಕ್‌ನ ದಮನ ಎಂದರೆ ಏನು ಎಂಬುದಕ್ಕೆ 1819ರ ಕಾರ್ಲ್ಸ್‌ಬಾದ್ ನಿರ್ಣಯಗಳು ಉದಾಹರಣೆ. ಮಾರ್ಚ್ 23ರಂದು ಮ್ಯಾನ್‌ಹೈಮಿನಲ್ಲಿ ಕಾರ್ಲ್ ಸ್ಯಾಂಡ್ ಎಂಬ ವಿದ್ಯಾರ್ಥಿ ನಾಟಕಕಾರ ಕೋಟ್ಸೆಬುವನ್ನು ಇರಿದು ಕೊಂದದ್ದು ನೆಪವಾಯಿತು. ವಿಶ್ವವಿದ್ಯಾಲಯಗಳಿಗೆ ಸರ್ಕಾರಿ ಮೇಲ್ವಿಚಾರಕರು ಬಂದರು, ಮೈಂಟ್ಸ್‌ನಲ್ಲಿ ತನಿಖಾ ಆಯೋಗ ಕೂತಿತು. ಪತ್ರಿಕೆ ಮತ್ತು ಪುಸ್ತಕಗಳ ಮೇಲಿನ ನಿಯಮ ಮಾತ್ರ ಬಹಳ ಚಾಣಾಕ್ಷ: 20 ಫಾರಂಗಳಿಗಿಂತ, ಅಂದರೆ ಸಾಮಾನ್ಯ ಅಳತೆಯಲ್ಲಿ 320 ಪುಟಗಳಿಗಿಂತ ಚಿಕ್ಕದಾಗಿರುವುದೆಲ್ಲ ಅಚ್ಚಿಗೆ ಮುಂಚೆ ಸೆನ್ಸಾರಿಗೆ ಹೋಗಬೇಕು. ದಪ್ಪ ಪುಸ್ತಕ ದುಬಾರಿ, ಓದುವವರು ಪ್ರಾಧ್ಯಾಪಕರು. ಕರಪತ್ರ ಅಗ್ಗ, ಓದುವವರು ಬೀದಿಯವರು. ಹೆದರಿಕೆ ಇದ್ದದ್ದು ಬೀದಿಗೆ. ಪ್ರಕಾಶಕರೇನು ಕಮ್ಮಿಯೇ? ಅಕ್ಷರ ದೊಡ್ಡದು ಮಾಡಿ, ಅಂಚು ಅಗಲ ಬಿಟ್ಟು, ಒಂದರ ಜೊತೆ ಇನ್ನೊಂದು ಹೊಲಿದು 320 ಪುಟ ದಾಟಿಸಿದರು.

1820ರ ಜನವರಿ 1ರಂದು ಸ್ಪೇನಿನಲ್ಲಿ ರಿಯೇಗೊ ಎಂಬ ಸೇನಾಧಿಕಾರಿ ದಂಗೆ ಎದ್ದ. ಅಮೆರಿಕದ ವಸಾಹತುಗಳಿಗೆ ಕಳಿಸಲು ಕಾಡಿಜ್ ಬಳಿ ಜಮಾಯಿಸಿದ್ದ, ಹೋಗಲು ಇಷ್ಟವಿಲ್ಲದ ಸೈನ್ಯವೇ ಅವನ ಬಲ. ಮಾರ್ಚಿನಲ್ಲಿ ರಾಜ ಏಳನೆಯ ಫರ್ಡಿನೆಂಡ್ ರಾಜನ ಅಧಿಕಾರಕ್ಕೆ ಮಿತಿ ಹಾಕುವ 1812ರ ಸಂವಿಧಾನಕ್ಕೆ ತಲೆಬಾಗಿದ. ಜುಲೈಯಲ್ಲಿ ನೇಪಲ್ಸ್, ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಪೋರ್ಟೊ, ಮರುವರ್ಷದ ಮಾರ್ಚಿನಲ್ಲಿ ಪೀಡ್‌ಮಾಂಟ್. ಎಲ್ಲವೂ ಸೈನಿಕರಿಂದ ಶುರುವಾದ ದಂಗೆಗಳು ಎಂಬುದನ್ನು ಗುರುತು ಹಾಕಿಕೊಳ್ಳಿ, 1830ರ ಪ್ಯಾರಿಸ್, ಬ್ರಸೆಲ್ಸ್ ದಂಗೆಗಳು ನಗರದ ಬೀದಿಗಳಿಂದ ಎದ್ದವು.

ನೇಪಲ್ಸ್ ಆಸ್ಟ್ರಿಯಾಕ್ಕೆ ಮನೆಯ ಹಿತ್ತಲು. ಲೊಂಬಾರ್ಡಿ ಮತ್ತು ವೆನೀಸ್ ಅದರ ಕೈಯಲ್ಲಿದ್ದವು. ದಕ್ಷಿಣದಲ್ಲಿ ಸಂವಿಧಾನ ಬಂದರೆ ಉತ್ತರದವರು ಸುಮ್ಮನಿರುವರೇ? ಅಲ್ಲದೆ 1815ರಲ್ಲೇ ನೇಪಲ್ಸ್ ರಾಜ ಆಸ್ಟ್ರಿಯಾಕ್ಕೆ ಒಪ್ಪದಂಥ ಬದಲಾವಣೆ ಮಾಡುವುದಿಲ್ಲ ಎಂದು ಬರೆದುಕೊಟ್ಟಿದ್ದ. ಹಾಗಾಗಿ ಆಸ್ಟ್ರಿಯಾ ತಾನೇ ಹೋಗಿ ಅಡಗಿಸಿದ್ದರೆ ಕ್ಯಾಸಲ್‌ರೇಗೂ ಅಂಥ ಆಕ್ಷೇಪವಿರಲಿಲ್ಲ. ಅವನಿಗೆ ಸಿಟ್ಟು ಬಂದದ್ದು ಅದನ್ನು ಸಾರ್ವತ್ರಿಕ ನಿಯಮ ಮಾಡಲು ಹೊರಟಾಗ. 1820ರ ನವೆಂಬರ್ 19ರ ಟ್ರೊಪ್ಪಾವ್ ಪ್ರೋಟೊಕಾಲ್‌ನಲ್ಲಿ ರಷ್ಯಾ, ಆಸ್ಟ್ರಿಯಾ, ಪ್ರಶ್ಯಾ ಮೂರೂ ಸೇರಿ, ಕ್ರಾಂತಿಯಿಂದ ಸರ್ಕಾರ ಬದಲಾದ ರಾಜ್ಯ ಇತರರಿಗೆ ಅಪಾಯಕಾರಿಯಾದರೆ ಅದು ಯೂರೋಪಿನ ಕೂಟದಿಂದ ಹೊರಗೆ, ಬೇಕಾದರೆ ಆಯುಧದಿಂದ ಅದನ್ನು ಒಳಗೆ ತರಬಹುದು ಎಂದವು. ಬ್ರಿಟನ್ ಮತ್ತು ಫ್ರಾನ್ಸ್ ಅಲ್ಲಿ ಬರೀ ವೀಕ್ಷಕರು. ಮುಂದಿನ ಸಭೆ ಲೈಬಾಖ್‌ನಲ್ಲಿ. (ನಕ್ಷೆಯಲ್ಲಿ ಹುಡುಕುವವರಿಗೆ: ಟ್ರೊಪ್ಪಾವ್ ಇಂದಿನ ಚೆಕ್ ದೇಶದ ಒಪಾವಾ, ಲೈಬಾಖ್ ಸ್ಲೊವೇನಿಯಾದ ಲ್ಯುಬ್ಲಿಯಾನಾ.) 1821ರ ಮಾರ್ಚ್ 7ರಂದು ರಿಯೇತಿ ಬಳಿ ನೇಪಲ್ಸ್ ಸೈನ್ಯ ಸೋತಿತು. ಆಸ್ಟ್ರಿಯಾದ ಸೈನ್ಯ 1827ರವರೆಗೆ ಅಲ್ಲೇ ಇತ್ತು, ಖರ್ಚು ನೇಪಲ್ಸ್ ಬೊಕ್ಕಸದ್ದು, ಬೊಕ್ಕಸಕ್ಕೆ ಸಾಲ ಬ್ಯಾಂಕು ನಡೆಸುತ್ತಿದ್ದ ರಾಥ್‌ಚೈಲ್ಡ್ ಮನೆತನದ್ದು. ಹೊಡೆದವನ ಊಟದ ಬಿಲ್ಲನ್ನೂ ಹೊಡೆಸಿಕೊಂಡವನೇ ಕೊಟ್ಟಂತೆ.

ಸ್ಪೇನಿನ ವಿಷಯದಲ್ಲಿ ಝಾರ್ ಒಂದೂವರೆ ಲಕ್ಷ ರಷ್ಯನ್ ಸೈನಿಕರನ್ನು ಕಳಿಸುತ್ತೇನೆ ಎಂದು ಮುಂದೆ ಬಂದ. ದಂಗೆ ಎದ್ದವರಿಗಿಂತ ಹೆಚ್ಚಾಗಿ ಇದಕ್ಕೆ ಗಾಬರಿಯಾದವನು ಮೆಟರ್ನಿಕ್. ಅಷ್ಟು ರಷ್ಯನ್ನರು ತನ್ನ ದೇಶದ ಮೂಲಕ ನಡೆದುಹೋಗುವುದು ಯಾರಿಗೆ ಬೇಕಿತ್ತು! ಕೊನೆಗೆ 1823ರ ಏಪ್ರಿಲ್‌ನಲ್ಲಿ ಫ್ರಾನ್ಸೇ ಸುಮಾರು ಒಂದು ಲಕ್ಷ ಸೈನ್ಯ ಕಳಿಸಿ ಫರ್ಡಿನೆಂಡನಿಗೆ ಪೂರ್ಣಾಧಿಕಾರ ಮರಳಿಸಿತು. ರಿಯೇಗೊವನ್ನು ನವೆಂಬರಿನಲ್ಲಿ ಗಲ್ಲಿಗೇರಿಸಿದರು. ಬ್ರಿಟನ್ನಿನ ಹೊಸ ಮಂತ್ರಿ ಕ್ಯಾನಿಂಗ್ ಸ್ಪೇನಿಗಾಗಿ ಯುದ್ಧ ಮಾಡಲಿಲ್ಲ. ಸ್ಪೇನಿನ ಅಮೆರಿಕ ವಸಾಹತುಗಳ ಮೇಲೆ ಬಲಪ್ರಯೋಗ ಮಾಡುವುದಿಲ್ಲ ಎಂದು ಫ್ರಾನ್ಸಿನಿಂದ ಅಕ್ಟೋಬರಿನಲ್ಲಿ ಬರವಣಿಗೆಯಲ್ಲಿ ಹೇಳಿಸಿಕೊಂಡ. ಭೂಮಿಯ ಮೇಲೆ ಒಂದು ತಟ್ಟೆ ಇಳಿದರೆ ಸಮುದ್ರದಲ್ಲಿ ಇನ್ನೊಂದು ಇಳಿಯಲಿ ಎಂಬ ವ್ಯಾಪಾರ.

ಗ್ರೀಸ್ ಬೇರೆ ಜಾತಿಯ ಪ್ರಕರಣ. ಎದುರಾಳಿ ಆಟೊಮನ್ ಸುಲ್ತಾನ, ವಿಯೆನ್ನಾ ಒಪ್ಪಂದದ ಹೊರಗಿನವನು. 1821ರಲ್ಲಿ ಲೈಬಾಖ್ ಸಭೆ ನಡೆಯುತ್ತಿರುವಾಗಲೇ ಗ್ರೀಕ್ ಮುಖಂಡ ಇಪ್ಸಿಲಾಂಟಿ ಪ್ರುತ್ ನದಿ ದಾಟಿ ಸುಲ್ತಾನನ ನೆಲದಲ್ಲಿ ಬಂಡೆದ್ದ. ಅವನು ರಷ್ಯಾ ಸೈನ್ಯದ ಅಧಿಕಾರಿಯಾಗಿದ್ದರೂ ಮೆಟರ್ನಿಕ್ ಪಕ್ಕದಲ್ಲೇ ಇದ್ದ ಝಾರ್ ಅವನನ್ನು ಕೈಬಿಟ್ಟ. ಆದರೆ ಈಸ್ಟರ್ ದಿನ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಹಿರಿಯ ಧರ್ಮಗುರು ಪೇಟ್ರಿಯಾರ್ಕರನ್ನು ತುರ್ಕರು ಗಲ್ಲಿಗೇರಿಸಿದಾಗ ಆರ್ಥೊಡಾಕ್ಸ್ ರಷ್ಯಾ ಕುದಿಯಿತು. 1825ರಲ್ಲಿ ಈಜಿಪ್ಟಿನ ಇಬ್ರಾಹಿಂ ಪಾಷಾ ಸುಲ್ತಾನನ ಪರ ದಕ್ಷಿಣ ಗ್ರೀಸಿನ ಪೆಲೊಪೊನೀಸಿಗೆ ಇಳಿದು ದಂಗೆಯನ್ನು ಬಹುತೇಕ ತುಳಿದುಹಾಕಿದ. ಬ್ರಿಟನ್ನಿಗೆ ಗ್ರೀಕರ ಮೇಲಿನ ಪ್ರೀತಿಗಿಂತ ರಷ್ಯಾ ಒಂಟಿಯಾಗಿ ಒಳನುಗ್ಗೀತು ಎಂಬ ಭಯ ದೊಡ್ಡದು. ತಡೆಯಲಾಗದಿದ್ದರೆ ಜೊತೆಗೆ ಹೋಗು: 1827ರ ಜುಲೈ 6ರ ಲಂಡನ್ ಒಪ್ಪಂದದಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿಕೊಂಡು, ಮೂವರಲ್ಲಿ ಯಾರೂ ಇದರಿಂದ ನೆಲ ತೆಗೆದುಕೊಳ್ಳುವಂತಿಲ್ಲ ಎಂದು ವಿಧಿ ಬರೆದರು. ಅಕ್ಟೋಬರ್ 20ರಂದು ನವಾರಿನೊ ಕೊಲ್ಲಿಯಲ್ಲಿ ಮೂವರ ಹಡಗುಗಳು ತುರ್ಕಿ ಮತ್ತು ಈಜಿಪ್ಟ್ ನೌಕಾಪಡೆಯನ್ನು ಧ್ವಂಸ ಮಾಡಿದವು. ಗೆದ್ದ ಬ್ರಿಟನ್ ಸರ್ಕಾರವೇ ಮರುವರ್ಷ ಅದನ್ನು ‘ಅನಪೇಕ್ಷಿತ ಘಟನೆ’ ಎಂದು ಕರೆಯಿತು. 1830ರ ಫೆಬ್ರವರಿ 3ರ ಲಂಡನ್ ಪ್ರೋಟೊಕಾಲ್ ಗ್ರೀಸನ್ನು ಸ್ವತಂತ್ರ ರಾಜ್ಯ ಎಂದಿತು, 1832ರಲ್ಲಿ ಬವೇರಿಯಾದ ಹದಿಹರೆಯದ ಓಟ್ಟೊ ರಾಜನಾದ.

ಬೆಲ್ಜಿಯಮ್ಮಿನಲ್ಲಿ ಈ ಯಂತ್ರದ ಹಲ್ಲುಗಳು ಒಂದೊಂದಾಗಿ ಕಾಣುತ್ತವೆ. 1830ರ ಜುಲೈ ಕೊನೆಯ ಮೂರು ದಿನಗಳಲ್ಲಿ ಪ್ಯಾರಿಸ್ ಹತ್ತನೆಯ ಚಾರ್ಲ್ಸ್‌ನನ್ನು ಇಳಿಸಿ ಲೂಯಿ ಫಿಲಿಪ್‌ನನ್ನು ಕೂರಿಸಿತು. ಆಗಸ್ಟ್ 25ರ ರಾತ್ರಿ ಬ್ರಸೆಲ್ಸಿನಲ್ಲಿ ಒಪೆರಾ ನೋಡಿ ಹೊರಬಂದ ಜನ ಗಲಾಟೆ ಶುರು ಮಾಡಿದರು. ಸೆಪ್ಟೆಂಬರ್ 23ರಿಂದ ನಾಲ್ಕು ದಿನ ಬೀದಿಕಾಳಗ ನಡೆದು ಡಚ್ ಸೈನ್ಯ ಹಿಂದೆ ಸರಿಯಿತು. ವಿಲಿಯಮ್ ಮಹಾಶಕ್ತಿಗಳ ನೆರವು ಕೇಳಿದ. ರಷ್ಯಾದ ಹೊಸ ಝಾರ್ ನಿಕೊಲಸ್‌ಗೂ ಪ್ರಶ್ಯಾಕ್ಕೂ ಹೋಗಲು ಮನಸ್ಸಿತ್ತು; ಪ್ರಶ್ಯಾ ಹೊಕ್ಕರೆ ನಾವೂ ಹೊಗುತ್ತೇವೆ ಎಂದು ಫ್ರಾನ್ಸ್ ಎಚ್ಚರಿಸಿತು. ಐವರೂ ಲಂಡನ್ನಿನಲ್ಲಿ ಕೂತರು. ನವೆಂಬರ್ 4ರಂದು ಮೊದಲು ಕದನವಿರಾಮ. ಡಿಸೆಂಬರ್ 20ರಂದು, ಎರಡೂ ನೆಲ ಒಟ್ಟಿಗಿರಲಾರವು ಎಂಬ ಒಪ್ಪಿಗೆ. 1831ರ ಜನವರಿ 20ರಂದು ಗಡಿ ಮತ್ತು ಶಾಶ್ವತ ತಟಸ್ಥತೆ. ಜೊತೆಗೆ ಐವರಲ್ಲಿ ಯಾರೂ ನೆಲವನ್ನಾಗಲಿ ವಿಶೇಷ ಪ್ರಭಾವವನ್ನಾಗಲಿ ಬಯಸುವುದಿಲ್ಲ ಎಂಬ ಘೋಷಣೆ, ಗ್ರೀಸಿನ ಕರಾರಿನ ಅದೇ ವಾಕ್ಯ. ಹಾಲೆಂಡಿಗೆ ಕೂಡಿಸಿ ಮಾಡಿದ್ದ ಅಡ್ಡಗೋಡೆ ಮುರಿದರೂ ಅಡ್ಡಗೋಡೆಯ ಕೆಲಸ ನಿಲ್ಲಬಾರದು. ತಟಸ್ಥತೆಯೇ ಹೊಸ ಗೋಡೆ.

ರಾಜ ಯಾರು? ಫೆಬ್ರವರಿ 3ರಂದು ಬೆಲ್ಜಿಯನ್ನರು ಲೂಯಿ ಫಿಲಿಪ್‌ನ ಮಗ ನೆಮೂರ್ ಡ್ಯೂಕನನ್ನೇ ಆರಿಸಿಬಿಟ್ಟರು. ಬ್ರಿಟನ್ನಿನ ಆಗಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಕಣ್ಣು ಕೆಂಪಾದದ್ದು ನೋಡಿ ಅಪ್ಪ ಬೇಡವೆಂದ. ಜೂನ್ 4ರಂದು ಸ್ಯಾಕ್ಸ್-ಕೋಬರ್ಗಿನ ಲಿಯೊಪೋಲ್ಡ್ ಆಯ್ಕೆಯಾದ. ಹಿಂದಿನ ವರ್ಷ ಗ್ರೀಸಿನ ಸಿಂಹಾಸನ ಬೇಡ ಎಂದಿದ್ದವನೇ ಇವನು; ಹೆಂಡತಿ ಬ್ರಿಟನ್ನಿನ ರಾಜಕುಮಾರಿಯಾಗಿದ್ದು 1817ರಲ್ಲಿ ತೀರಿಕೊಂಡಿದ್ದಳು. 1832ರಲ್ಲಿ ಲೂಯಿ ಫಿಲಿಪ್‌ನ ಮಗಳನ್ನು ಮದುವೆಯಾದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇಲ್ಲಿಗೇ ಮುಗಿಯಲಿಲ್ಲ. 1831ರ ಆಗಸ್ಟ್ 2ರಂದು ವಿಲಿಯಮ್ ಸೈನ್ಯ ನುಗ್ಗಿಸಿ ಹತ್ತೇ ದಿನದಲ್ಲಿ ಬೆಲ್ಜಿಯನ್ನರನ್ನು ಸೋಲಿಸಿದ. ಫ್ರೆಂಚ್ ಸೈನ್ಯ ನೆರವಿಗೆ ಬಂತು, ಡಚ್ಚರು ಹಿಂದಿರುಗಿದರು. ಈಗ ನಿಜವಾದ ಅಪಾಯ: ಬಂದ ಫ್ರೆಂಚರು ಹೋಗುವುದು ಯಾವಾಗ? ಅವರು ಹೊರಡಬೇಕು, ಇಲ್ಲವಾದರೆ ಯುದ್ಧ, ಅದೂ ದಿನ ಲೆಕ್ಕದಲ್ಲಿ ಎಂದು ಪಾಮರ್‌ಸ್ಟನ್ ಖಡಾಖಂಡಿತ ಹೇಳಿದ. ಫ್ರೆಂಚರು ಹೊರಟರು. ನವೆಂಬರಿನ 24 ವಿಧಿಗಳ ಒಪ್ಪಂದ ಬೆಲ್ಜಿಯಮ್ಮಿಗೆ ಹಿಂದಿನದಕ್ಕಿಂತ ಕಹಿಯಾಗಿತ್ತು, ಲಕ್ಸೆಂಬರ್ಗಿನ ಮತ್ತು ಲಿಂಬರ್ಗಿನ ಒಂದೊಂದು ಭಾಗ ಹೋಯಿತು. ಡಿಸೆಂಬರಿನಲ್ಲಿ ಫ್ರಾನ್ಸಿನ ವಿರುದ್ಧ ಕಟ್ಟಿದ್ದ ಐದು ಗಡಿಕೋಟೆಗಳನ್ನು ಕೆಡವಲು ತೀರ್ಮಾನವಾಯಿತು. ಆ ಕಾಗದಕ್ಕೆ ಫ್ರಾನ್ಸನ್ನು ಕರೆಯದೆ ಉಳಿದ ನಾಲ್ವರೂ ಬೆಲ್ಜಿಯಮ್ಮೂ ಸಹಿ ಹಾಕಿದರು. 1832ರ ಕೊನೆಯಲ್ಲಿ ಆಂಟ್‌ವರ್ಪ್ ಕೋಟೆ ಬಿಡದ ಡಚ್ಚರನ್ನು ಬಿಡಿಸಲು ಫ್ರೆಂಚರು ಮತ್ತೆ ಬಂದು, ಡಿಸೆಂಬರ್ 23ರಂದು ಶರಣಾಗತಿ ಪಡೆದು, ಕೋಟೆಯನ್ನು ಬೆಲ್ಜಿಯನ್ನರಿಗೆ ಒಪ್ಪಿಸಿ ಹಿಂದಿರುಗಿದರು. ಹೋದ ಸೈನ್ಯ ವಾಪಸು ಬರುತ್ತದೆಯೇ ಎಂದು ಮೊದಲಲ್ಲಿ ಹೇಳಿದೆನಲ್ಲ, ಅದರ ಅರ್ಥ ಇದು. ವಿಲಿಯಮ್ ಮಣಿದು ಸಹಿ ಹಾಕಿದ್ದು 1839ರ ಏಪ್ರಿಲ್ 19ರಂದು. 1914ರಲ್ಲಿ ಜರ್ಮನಿ ಮುರಿದ ತಟಸ್ಥತೆಯ ಕಾಗದ ಇದೇ.

ಪೋಲೆಂಡಿಗೆ ಈ ಭಾಗ್ಯ ಏಕಿಲ್ಲ? 1830ರ ನವೆಂಬರ್ 29ರಂದು ವಾರ್ಸಾದಲ್ಲಿ ದಂಗೆ ಎದ್ದಿತು. ಬೆಲ್ಜಿಯಮ್ಮಿಗೆ ಹೊರಡಬಹುದಾಗಿದ್ದ ರಷ್ಯಾದ ಕೈ ಇಲ್ಲಿ ಸಿಕ್ಕಿಕೊಂಡಿತು; ಪೋಲರ ರಕ್ತದಿಂದ ಬೆಲ್ಜಿಯನ್ನರಿಗೆ ಲಾಭವಾಯಿತು ಎಂದರೆ ತಪ್ಪಲ್ಲ. ಆದರೆ ಬ್ರಿಟನ್ನಿನ ಹಡಗು ವಾರ್ಸಾಕ್ಕೆ ಹೋಗದು, ಫ್ರಾನ್ಸಿನ ಸೈನ್ಯ ಪ್ರಶ್ಯಾ ದಾಟದೆ ಮುಟ್ಟದು. ಪ್ರಶ್ಯಾ, ಆಸ್ಟ್ರಿಯಾ ಎರಡಕ್ಕೂ ತಮ್ಮ ತಮ್ಮ ಪೋಲ್ ಪ್ರಾಂತ್ಯಗಳ ಚಿಂತೆ. 1831ರ ಸೆಪ್ಟೆಂಬರ್ 8ರಂದು ವಾರ್ಸಾ ಬಿದ್ದಿತು. ಪರೀಕ್ಷೆಯಲ್ಲಿ ಬೆಲ್ಜಿಯಮ್ ಮತ್ತು ಪೋಲೆಂಡನ್ನು ಅಕ್ಕಪಕ್ಕ ಇಟ್ಟು ಬರೆದರೆ ‘ಸಮತೋಲನ’ ಎಂಬ ಪದವನ್ನು ವಿವರಿಸುವ ಅರ್ಧ ಕೆಲಸ ಮುಗಿಯುತ್ತದೆ. ಅಂದ ಹಾಗೆ, ರಷ್ಯಾದ ಘಟನೆಗಳಿಗೆ ಎರಡು ತಾರೀಕು ಕಂಡರೆ ಗಾಬರಿ ಬೇಡ: ಹಳೆ ಪಂಚಾಂಗ 12 ದಿನ ಹಿಂದೆ ಓಡುತ್ತಿತ್ತು. ಝಾರ್ ವಿರುದ್ಧ ರಷ್ಯಾದ ಸೇನಾಧಿಕಾರಿಗಳು ಎದ್ದ 1825ರ ಡಿಸೆಂಬ್ರಿಸ್ಟ್ ದಂಗೆ ಡಿಸೆಂಬರ್ 14 ಎಂದರೂ ಸರಿ, 26 ಎಂದರೂ ಸರಿ.

ಭಾರತದ ಸಂಬಂಧ ಕೇಳಿದ್ದೀರಿ. ಮೂರು ಇವೆ, ಒಂದು ಇಲ್ಲ. 1815ರ ಫೆಬ್ರವರಿಯಲ್ಲಿ ಕ್ಯಾಸಲ್‌ರೇ ಲಂಡನ್ನಿಗೆ ಮರಳಿದಾಗ ವಿಯೆನ್ನಾದಲ್ಲಿ ಬ್ರಿಟನ್ ಪರ ಕೂತ ವೆಲಿಂಗ್ಟನ್, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದು ಮರುವರ್ಷ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋದ ಆರ್ಥರ್ ವೆಲ್ಲೆಸ್ಲಿಯೇ. ಎರಡನೆಯದು, 1814ರ ಆಗಸ್ಟ್ 13ರ ಆಂಗ್ಲೋ-ಡಚ್ ಒಪ್ಪಂದ: ಯೂರೋಪಿನಲ್ಲಿ ಹಾಲೆಂಡನ್ನು ಬಲಪಡಿಸಬೇಕಾದ್ದರಿಂದ ಬ್ರಿಟನ್ ಅದರ ಬಹುತೇಕ ವಸಾಹತುಗಳನ್ನು ಹಿಂದಿರುಗಿಸಿತು, ಆದರೆ ಭಾರತದ ದಾರಿಯಲ್ಲಿದ್ದ, ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಇಟ್ಟುಕೊಂಡಿತು, ಸುಮಾತ್ರಾ ಪಕ್ಕದ ಬಂಗ್ಕಾ ದ್ವೀಪ ಕೊಟ್ಟು ಮಲಬಾರಿನ ಕೊಚ್ಚಿ ಪಡೆಯಿತು. ಮೂರನೆಯದು ಕಾಲರಾ: 1817ರಲ್ಲಿ ಬಂಗಾಳದಿಂದ ಹೊರಬಿದ್ದ ರೋಗ 1831ರಲ್ಲಿ ರಷ್ಯನ್ ಸೈನ್ಯದ ಜೊತೆ ಪೋಲೆಂಡಿಗೆ ಬಂದು ಸೇನಾಪತಿ ಡೀಬಿಚ್‌ನನ್ನೇ ಕೊಂದಿತು. ಇಲ್ಲದ ಸಂಬಂಧ ಯಾವುದೆಂದರೆ, ಅದೇ 1830-31ರಲ್ಲಿ ನಡೆದ ನಮ್ಮ ನಗರ (ಬಿದನೂರು) ಸೀಮೆಯ ದಂಗೆಯನ್ನು ಪ್ಯಾರಿಸ್ಸಿನ ಅಲೆಗೆ ಜೋಡಿಸುವುದು. ಅದು ಮೈಸೂರು ಸಂಸ್ಥಾನದ ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಿರುಕುಳದಿಂದ ಎದ್ದದ್ದು. ವರ್ಷ ಒಂದೇ ಆದ ಮಾತ್ರಕ್ಕೆ ಉತ್ತರಪತ್ರಿಕೆಯಲ್ಲಿ ಎರಡನ್ನೂ ಗಂಟು ಹಾಕಬೇಡಿ.